ಸಿಗರೇಟ್ ಬಿಟ್ಟೆ, ಪ್ಯಾಂಟ್ ಬಿಗಿಯಾಯಿತು: ಈಗೇನು ಮಾಡಲಿ?

ಓದುಗರ ಪ್ರಶ್ನೆ, ವೈದ್ಯರ ಉತ್ತರ

ಪ್ರಶ್ನೆ: ನನಗೆ 44 ವರ್ಷ. ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡಿದ್ದೇನೆ. ಇಪ್ಪತ್ತು ವರ್ಷದಿಂದ ದಿನಕ್ಕೆ ಒಂದು ಪ್ಯಾಕ್ ಸಿಗರೇಟ್ ಸೇದುತ್ತಿದ್ದೆ. ಮಗಳು ಹಟ ಹಿಡಿದಳೆಂದು ಯುಗಾದಿಗೆ ಬಿಟ್ಟೆ. ಎರಡು ತಿಂಗಳಾಯಿತು, ಒಂದನ್ನೂ ಮುಟ್ಟಿಲ್ಲ. ಆದರೆ ತೂಕ 71 ಕೆ.ಜಿ.ಯಿಂದ 75ಕ್ಕೆ ಏರಿದೆ. ಅಂಗಡಿಗೆ ಬಂದವರೆಲ್ಲ ‘ಏನ್ರೀ, ಊದಿಕೊಂಡೀರಲ್ಲ’ ಅನ್ನುತ್ತಾರೆ. ಸೇದಬೇಕು ಅನ್ನಿಸಿದಾಗೆಲ್ಲ ಟೀ ತರಿಸುತ್ತೇನೆ, ದಿನಕ್ಕೆ ಏಳೆಂಟು ಆಗುತ್ತದೆ. ಸಂಜೆ ಮಂಡಕ್ಕಿ-ಮಿರ್ಚಿ. ರಾತ್ರಿ ಊಟ ಬಿಟ್ಟು ನೋಡಿದೆ, ಆವತ್ತು ಸಿಗರೇಟಿನ ಆಸೆ ಇನ್ನೂ ಜೋರಾಯಿತು. ನಿದ್ದೆಯೂ ಸರಿ ಇಲ್ಲ. ಅಪ್ಪನಿಗೆ ಸಕ್ಕರೆ ಕಾಯಿಲೆ ಇತ್ತು. ದಿನಕ್ಕೆ ಎರಡೇ ಎರಡು ಸೇದಿದರೆ ತೂಕ ಹತೋಟಿಗೆ ಬರುತ್ತದೆ ಎಂದು ಗೆಳೆಯರೊಬ್ಬರು ಹೇಳುತ್ತಾರೆ. ಹಾಗೆ ಮಾಡಲೇ?
– ಹೆಸರು ಬೇಡ, ದಾವಣಗೆರೆ

ಉತ್ತರ: ಬೇಡ. ಎರಡೂ ಬೇಡ, ಒಂದೂ ಬೇಡ. ದಿನಕ್ಕೆ ಒಂದೇ ಒಂದು ಸೇದಿದರೂ ಹೃದಯಕ್ಕೆ ಬರುವ ಹೆಚ್ಚುವರಿ ಅಪಾಯ ಇಪ್ಪತ್ತು ಸೇದುವವರ ಅರ್ಧದಷ್ಟರ ಆಸುಪಾಸಿನಲ್ಲೇ ಇರುತ್ತದೆ. ಸಂಖ್ಯೆ ಇಳಿಸಿದಷ್ಟೇ ಅಪಾಯವೂ ಇಳಿಯುತ್ತದೆ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಅದೂ ಅಲ್ಲದೆ, ಇಪ್ಪತ್ತು ವರ್ಷ ಸೇದಿದವರಿಗೆ ಎರಡು ಅನ್ನುವುದು ಎರಡಕ್ಕೇ ನಿಲ್ಲುವುದಿಲ್ಲ. ಎರಡು ತಿಂಗಳು ಒಂದನ್ನೂ ಮುಟ್ಟದೆ ಕಳೆದಿದ್ದೀರಿ. ಅತ್ಯಂತ ಕಷ್ಟದ ದಿನಗಳು ದಾಟಿವೆ. ನಾಲ್ಕು ಕೆ.ಜಿ.ಗೆ ಹೆದರಿ ಅದನ್ನು ಕಳೆದುಕೊಳ್ಳಬೇಡಿ ಎಂದು ಕೇಳಿಕೊಳ್ಳುತ್ತೇನೆ.

ತೂಕ ಏರಿದ್ದು ನಿಮ್ಮ ಕೈಯಲ್ಲಿ ಹಿಡಿತ ಇಲ್ಲ ಎಂದಲ್ಲ. ನಿಕೋಟಿನ್ ಹಸಿವನ್ನು ಅಡಗಿಸಿಡುತ್ತದೆ, ಎದೆಬಡಿತ ಏರಿಸುತ್ತದೆ, ದೇಹ ಸುಮ್ಮನೆ ಕೂತಾಗಲೂ ಸ್ವಲ್ಪ ಹೆಚ್ಚು ಶಕ್ತಿ ಸುಡುವಂತೆ ಮಾಡುತ್ತದೆ. ದಿನಕ್ಕೊಂದು ಪ್ಯಾಕ್ ಸೇದುವವರಲ್ಲಿ ಇದು ಸುಮಾರು 200 ಕ್ಯಾಲೊರಿಯಷ್ಟಿರಬಹುದು. ಬಿಟ್ಟ ದಿನದಿಂದ ಅದು ಉಳಿತಾಯವಾಗುತ್ತದೆ. ಸತ್ತುಹೋಗಿದ್ದ ನಾಲಗೆ, ಮೂಗು ಎರಡೂ ಚುರುಕಾಗುತ್ತವೆ, ಒಗ್ಗರಣೆಯ ವಾಸನೆ ಮತ್ತೆ ಬೀದಿ ಆಚೆಯಿಂದಲೇ ಬರುತ್ತದೆ. ಜೊತೆಗೆ ದಿನಕ್ಕೆ ನೂರಾರು ಸಲ ಬಾಯಿಗೆ ಹೋಗುತ್ತಿದ್ದ ಕೈ ಈಗ ಖಾಲಿ. ಬಿಟ್ಟವರು ಮೊದಲ ವರ್ಷದಲ್ಲಿ ಸರಾಸರಿ ನಾಲ್ಕರಿಂದ ಐದು ಕೆ.ಜಿ. ಏರುತ್ತಾರೆ, ಅದರಲ್ಲಿ ಹೆಚ್ಚಿನ ಪಾಲು ಮೊದಲ ಮೂರು ತಿಂಗಳಲ್ಲೇ ಬಂದುಬಿಡುತ್ತದೆ. ಅಂದರೆ ನಿಮ್ಮದು ಎಲ್ಲರಂಥದೇ ಏರಿಕೆ, ಇದೇ ವೇಗದಲ್ಲಿ ಏರುತ್ತಲೇ ಹೋಗುವುದಿಲ್ಲ.

ಈಗ ನಿಮ್ಮ ಟೀಗೆ ಬರೋಣ, ಏಕೆಂದರೆ ನನ್ನ ಪ್ರಕಾರ ಅರ್ಧ ತೊಂದರೆ ಅಲ್ಲೇ ಇದೆ. ಒಂದು ಲೋಟಕ್ಕೆ ಒಂದೂವರೆ ಚಮಚ ಸಕ್ಕರೆ ಎಂದರೂ ಎಂಟು ಟೀಗೆ 55 ಗ್ರಾಂ ಮುಟ್ಟುತ್ತದೆ, ಬರೀ ಸಕ್ಕರೆಯಿಂದಲೇ 220 ಕ್ಯಾಲೊರಿ. ದಿನಕ್ಕೆ 250 ಕ್ಯಾಲೊರಿ ಹೆಚ್ಚಾದರೆ ತಿಂಗಳಿಗೆ ಒಂದು ಕೆ.ಜಿ. ಏರಲು ಸಾಕು. ಇನ್ನೊಂದು ವಿಷಯ ಬಹಳ ಜನಕ್ಕೆ ಯಾರೂ ಹೇಳಿರುವುದಿಲ್ಲ. ಸಿಗರೇಟಿನ ಹೊಗೆಯಲ್ಲಿರುವ ಕೆಲವು ವಸ್ತುಗಳು ಕೆಫೀನನ್ನು ಯಕೃತ್ತು ಬೇಗ ಬೇಗ ಕರಗಿಸುವಂತೆ ಮಾಡುತ್ತವೆ. ಸೇದುವುದು ನಿಂತ ಕೆಲವೇ ದಿನದಲ್ಲಿ ಆ ಕೆಲಸ ನಿಧಾನವಾಗುತ್ತದೆ, ಅಷ್ಟೇ ಟೀ ಕುಡಿದರೂ ರಕ್ತದಲ್ಲಿ ಕೆಫೀನ್ ಹೆಚ್ಚುಕಡಿಮೆ ದುಪ್ಪಟ್ಟು ನಿಲ್ಲುತ್ತದೆ. ಎದೆ ಡವಡವ, ಕೈನಡುಕ, ಸಿಡುಕು, ಬಾರದ ನಿದ್ದೆ ಇವನ್ನೆಲ್ಲ ನೀವು ಸಿಗರೇಟ್ ಬಿಟ್ಟ ಸಂಕಟ ಅಂದುಕೊಂಡಿರುತ್ತೀರಿ, ಅದರಲ್ಲಿ ಎಷ್ಟೋ ಟೀಯದ್ದೇ. ನಾಳೆಯಿಂದ ನಾಲ್ಕಕ್ಕೆ ಇಳಿಸಿ, ಕೊನೆಯದು ಮಧ್ಯಾಹ್ನ ಮೂರರೊಳಗೆ. ಸಕ್ಕರೆ ವಾರಕ್ಕಿಷ್ಟು ಕಡಿಮೆ ಮಾಡುತ್ತ ಅರ್ಧ ಚಮಚಕ್ಕೆ ತನ್ನಿ. ಉಳಿದ ಸಲ ನೀರು ಮಜ್ಜಿಗೆ, ಇಲ್ಲವೇ ಜೀರಿಗೆ ಹಾಕಿ ಕುದಿಸಿದ ಬಿಸಿನೀರು.

ಮಂಡಕ್ಕಿ ಬಿಡಿ ಎಂದು ದಾವಣಗೆರೆಯವರಿಗೆ ನಾನು ಹೇಳುವುದಿಲ್ಲ. ಮಂಡಕ್ಕಿ ಹಗುರ, ಭಾರ ಇರುವುದು ಮಿರ್ಚಿಯಲ್ಲಿ. ಗಾಡಿಯ ಪಕ್ಕ ನಿಂತು ಒಮ್ಮೆ ನೋಡಿ: ಹಿಟ್ಟಿನಲ್ಲಿ ಅದ್ದಿದ ಮೆಣಸಿನಕಾಯಿ ಬಾಣಲೆಗೆ ಬಿದ್ದು, ಉಬ್ಬಿ, ಜಾಲರಿ ಸೌಟಿನಲ್ಲಿ ಮೇಲೆದ್ದು, ಕಾಗದದ ಮೇಲೆ ಕೂತ ಎರಡು ನಿಮಿಷಕ್ಕೆ ಆ ಕಾಗದ ಪಾರದರ್ಶಕವಾಗುತ್ತದೆ. ಅದು ಕಾಗದಕ್ಕೆ ಇಳಿದ ಎಣ್ಣೆ ಮಾತ್ರ, ಉಳಿದದ್ದು ಒಳಗೇ ಇರುತ್ತದೆ. ಒಂದು ಚಮಚ ಎಣ್ಣೆಗೆ 45 ಕ್ಯಾಲೊರಿ. ಮಂಡಕ್ಕಿಗೆ ಈರುಳ್ಳಿ, ಟೊಮೆಟೊ, ಕೊತ್ತಂಬರಿ, ನಿಂಬೆಹುಳಿ, ಒಂದು ಹಿಡಿ ಹುರಿಗಡಲೆ ಹಾಕಿಸಿಕೊಳ್ಳಿ, ಮಿರ್ಚಿ ಭಾನುವಾರಕ್ಕಿರಲಿ. ಗಲ್ಲಾಪೆಟ್ಟಿಗೆ ಪಕ್ಕ ಸೋಂಪು, ಲವಂಗ, ಒಣ ನೆಲ್ಲಿಕಾಯಿ, ಹೆಚ್ಚಿದ ಸೌತೆಕಾಯಿ ಇಟ್ಟುಕೊಳ್ಳಿ, ಕೈಗೂ ಬಾಯಿಗೂ ಕೆಲಸ ಬೇಕಲ್ಲ. ಈಗ ಮಾವಿನ ಕಾಲ ಬೇರೆ. ದಿನಕ್ಕೊಂದು ಹಣ್ಣು ಕೊಯ್ದು ತಿನ್ನಿ, ಸಕ್ಕರೆ ಸುರಿದ ಸೀಕರಣೆ ಬೇಡ.

ರಾತ್ರಿ ಊಟ ಮಾತ್ರ ಬಿಡಬೇಡಿ. ಹೊಟ್ಟೆ ಖಾಲಿಯಾದಾಗಿನ ಚಡಪಡಿಕೆಗೂ ಸಿಗರೇಟ್ ಬೇಕೆನ್ನುವ ಚಡಪಡಿಕೆಗೂ ವ್ಯತ್ಯಾಸ ಗೊತ್ತಾಗುವುದು ಕಷ್ಟ, ನಿಮಗೆ ಆವತ್ತು ಆದದ್ದೂ ಅದೇ. ಎಂಟು ಗಂಟೆಯೊಳಗೆ ಒಂದು ಜೋಳದ ರೊಟ್ಟಿ ಅಥವಾ ಸಣ್ಣ ಮುದ್ದೆ, ಅದರ ಎರಡರಷ್ಟು ಸೊಪ್ಪು-ಕಾಳಿನ ಪಲ್ಯ, ಮಜ್ಜಿಗೆ. ಮೊದಲ ಮೂರು ತಿಂಗಳು ತೂಕ ಇಳಿಸುವ ಹಟವೇ ಬೇಡ ಎನ್ನುವವಳು ನಾನು. ಏರದಂತೆ ನೋಡಿಕೊಂಡರೆ ಸಾಕು, ಇಳಿಸಲು ಮುಂದೆ ಕಾಲವಿದೆ. ಹಾಗೆಂದು ಕೂತೇ ಇರಬೇಡಿ. ಆಸೆ ಎದ್ದಾಗ ಅದು ಕೆಲವೇ ನಿಮಿಷ ಕಾಡುತ್ತದೆ. ಅಂಗಡಿ ಹುಡುಗನಿಗೆ ಹೇಳಿ ಬೀದಿಯ ತುದಿಯವರೆಗೆ ಬಿರುಸಾಗಿ ಹೋಗಿ ಬನ್ನಿ. ಬೆಳಿಗ್ಗೆ ಕುಂದವಾಡ ಕೆರೆ ಏರಿಯ ಮೇಲೆ ಅರ್ಧ ಗಂಟೆ ನಡೆಯಿರಿ. ಮೊದಲು ಏದುಸಿರು ಬರುತ್ತಿದ್ದ ಕಡೆ ಈಗ ಬರುತ್ತಿಲ್ಲ ಎಂಬುದು ನಿಮಗೇ ತಿಳಿಯುತ್ತದೆ.

ಸಕ್ಕರೆ ಕಾಯಿಲೆಯ ಭಯ ಸುಳ್ಳಲ್ಲ, ಅದನ್ನು ಮುಚ್ಚಿಡುವುದಿಲ್ಲ. ಅಮೆರಿಕದಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಜನರನ್ನು ವರ್ಷಾನುಗಟ್ಟಲೆ ಗಮನಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಿಗರೇಟ್ ಬಿಟ್ಟು ತೂಕ ಏರಿದವರಿಗೆ ಕೆಲವು ವರ್ಷ ಸಕ್ಕರೆ ಕಾಯಿಲೆಯ ಸಾಧ್ಯತೆ ಹೆಚ್ಚಾಗಿ, ಆಮೇಲೆ ಇಳಿದದ್ದು ಕಂಡಿತು. ತೂಕ ಏರದವರಿಗೆ ಆ ಹೆಚ್ಚಳ ಇರಲಿಲ್ಲ. ಆದರೆ ಅದೇ ಅಧ್ಯಯನದಲ್ಲಿ, ಹತ್ತು ಕೆ.ಜಿ.ಗಿಂತ ಹೆಚ್ಚು ಏರಿದವರಿಗೂ ಹೃದ್ರೋಗ, ಪಾರ್ಶ್ವವಾಯುವಿನಂಥ ಕಾಯಿಲೆಗಳಿಂದ ಸಾಯುವ ಸಾಧ್ಯತೆ ಸೇದುತ್ತಲೇ ಇದ್ದವರ ಮೂರನೇ ಒಂದು ಭಾಗದಷ್ಟೇ ಇತ್ತು. ಅಪ್ಪನಿಗೆ ಇದ್ದ ಕಾರಣ ಈ ತಿಂಗಳೇ ರಕ್ತಪರೀಕ್ಷೆ ಮಾಡಿಸಿ, ಖಾಲಿ ಹೊಟ್ಟೆಯದೂ ಮೂರು ತಿಂಗಳ ಸರಾಸರಿಯದೂ. ತೂಕದ ಯಂತ್ರಕ್ಕಿಂತ ಟೇಪನ್ನು ನಂಬಿ: ಗಂಡಸರಿಗೆ ಸೊಂಟದ ಸುತ್ತಳತೆ 90 ಸೆಂ.ಮೀ. ಒಳಗಿರಬೇಕು.

ಆಸೆ ತಡೆಯಲಾಗದಿದ್ದರೆ ನಿಕೋಟಿನ್ ಗಮ್ ತೆಗೆದುಕೊಳ್ಳಬಹುದು. ಗಮ್ ಬಳಸುವಾಗ ತೂಕದ ಏರಿಕೆಯೂ ಸ್ವಲ್ಪ ಮುಂದಕ್ಕೆ ಹೋಗುತ್ತದೆ. ಆದರೆ ಅದನ್ನು ಬಬಲ್‌ಗಮ್ಮಿನಂತೆ ಅಗಿಯಬಾರದು. ನಾಲ್ಕಾರು ಸಲ ಅಗಿದು, ಖಾರ ಚುರುಗುಟ್ಟಿದ ಕೂಡಲೇ ಕೆನ್ನೆಯ ಒಳಗೆ ಒತ್ತಿಡಬೇಕು, ಚುರುಕು ಇಳಿದ ಮೇಲೆ ಮತ್ತೆ ಅಗಿಯಬೇಕು, ಹೀಗೆ ಅರ್ಧ ಗಂಟೆ. ಅದಕ್ಕೆ ಹದಿನೈದು ನಿಮಿಷ ಮುಂಚಿನಿಂದ ಟೀ, ಕಾಫಿ, ನಿಂಬೆ ಪಾನಕ ಕುಡಿಯಬಾರದು, ಕುಡಿದರೆ ಔಷಧ ಬಾಯಲ್ಲಿ ಹೀರುವುದಿಲ್ಲ. ಎಷ್ಟು ಮಿಲಿಗ್ರಾಂ ಎಂಬುದನ್ನು ವೈದ್ಯರನ್ನು ಕೇಳಿ ನಿರ್ಧರಿಸಿ.

ಪ್ರಶ್ನೆ: ವಯಸ್ಸು 27, ಐಟಿ ಕೆಲಸ. ತೆಳ್ಳಗಿರಬಹುದೆಂದು ಕಾಲೇಜಿನಲ್ಲಿ ಶುರುವಾದ ಸಿಗರೇಟ್ ಇದು. ಬಿಡಬೇಕೆಂದಿದ್ದೇನೆ, ದಪ್ಪಗಾಗುವ ಭಯ. ವೇಪ್‌ಗೆ, ಅಂದರೆ ಇ-ಸಿಗರೇಟಿಗೆ ಬದಲಾದರೆ? ಮನೆಯಲ್ಲಿ ಯಾರಿಗೂ ಗೊತ್ತಿಲ್ಲ.
– ಬೆಂಗಳೂರು

ಉತ್ತರ: ವೇಪ್‌ನಲ್ಲೂ ಸಾಮಾನ್ಯವಾಗಿ ಅದೇ ನಿಕೋಟಿನ್ ಇರುತ್ತದೆ, ಚಟ ಹಾಗೇ ಉಳಿಯುತ್ತದೆ. ನಮ್ಮ ದೇಶದಲ್ಲಿ 2019ರಿಂದ ಅದರ ಮಾರಾಟವೇ ನಿಷೇಧ, ಕದ್ದು ಬರುವ ಮಾಲಿನಲ್ಲಿ ಏನಿದೆಯೋ ಹೇಳುವವರಿಲ್ಲ. ಸೇದುವವರು ತೂಕದಲ್ಲಿ ಕಡಿಮೆ ಕಂಡರೂ ಕೊಬ್ಬು ಹೊಟ್ಟೆಯ ಸುತ್ತ ಸೇರುವುದು ಹೆಚ್ಚು, ಕೆಟ್ಟ ಕೊಬ್ಬೆಂದರೆ ಅದೇ. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಸೇದುವ ವಿಷಯವನ್ನು ನಿಮ್ಮ ವೈದ್ಯರಿಗೆ ಹೇಳಲೇಬೇಕು, ಎರಡೂ ಸೇರಿದರೆ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚುತ್ತದೆ. ಒಬ್ಬರೇ ಒದ್ದಾಡಬೇಡಿ ತಾಯಿ. ಪ್ಯಾಕಿನ ಮೇಲೆಯೇ ಇರುವ 1800-11-2356 ಉಚಿತ ಸಹಾಯವಾಣಿ. ಫೋನಿನಲ್ಲೇ ಮಾತಾಡಿ, ಬಿಡುವ ದಿನ ಗೊತ್ತುಮಾಡಿ, ಆಮೇಲೂ ವಿಚಾರಿಸಿಕೊಳ್ಳುತ್ತಾರೆ.

ಪ್ರಶ್ನೆ: ನಮ್ಮ ಯಜಮಾನರು ಬೀಡಿ ಬಿಟ್ಟರು. ಬದಲಿಗೆ ದಿನವಿಡೀ ಅಡಿಕೆ, ಒಮ್ಮೊಮ್ಮೆ ಗುಟ್ಕಾ. ‘ಬಾಯಲ್ಲಿ ಇದಿದ್ದರೆ ತಿಂಡಿ ಬೇಡ, ತೂಕವೂ ಏರಲ್ಲ’ ಅನ್ನುತ್ತಾರೆ. ಸರಿಯೇ?
– ಸಾಗರ

ಉತ್ತರ: ಸರಿಯಲ್ಲ. ಗುಟ್ಕಾದಲ್ಲಿ ತಂಬಾಕೇ ಇದೆ, ಹಾಗಾಗಿ ಅವರು ತಂಬಾಕು ಬಿಟ್ಟಂತಾಗಲಿಲ್ಲ. ಅಡಿಕೆ ಬೆಳೆದು ಬದುಕುವ ಸೀಮೆಯಲ್ಲಿ ಇದನ್ನು ಹೇಳುವುದು ಕಷ್ಟ, ಆದರೂ ಹೇಳುತ್ತೇನೆ: ತಂಬಾಕಿಲ್ಲದ ಅಡಿಕೆಯನ್ನೂ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಪಟ್ಟಿ ಮಾಡಿದೆ. ಇವತ್ತೇ ಕನ್ನಡಿ ಮುಂದೆ ಬಾಯಿ ತೆರೆಸಿ ನೋಡಿ. ಅವರದೇ ಮೂರು ಬೆರಳು ಒಂದರ ಮೇಲೊಂದಿಟ್ಟು ಒಳಗೆ ಹೋಗಬೇಕು. ಹೋಗದಿದ್ದರೆ, ಖಾರ ತಿಂದರೆ ಉರಿಯುತ್ತಿದ್ದರೆ, ಕೆನ್ನೆಯ ಒಳಗೆ ಬಿಳಿಚಿದ ಗಟ್ಟಿ ಪಟ್ಟಿ ಅಥವಾ ಮೂರು ವಾರಕ್ಕೂ ಮಾಯದ ಹುಣ್ಣು ಕಂಡರೆ, ಈ ವಾರವೇ ದಂತವೈದ್ಯರಿಗೆ ತೋರಿಸಿ.