ಬ್ರಾಕೆಟ್ಟಿನೊಳಗೆ ಬಚ್ಚಿಟ್ಟ ಸಾಲು

ನಮಸ್ಕಾರ. ಟಿವಿ ಬಗ್ಗೆ ಬರೆದ ಅಮೆರಿಕದ ಚಿಂತಕ ನೀಲ್ ಪೋಸ್ಟ್‌ಮನ್ ಕುರಿತು ನೀವು ಕಳಿಸಿದ ಲೇಖನ ಓದಿದೆ. ಭಾಷೆ ಚೆನ್ನಾಗಿದೆ, ಕಾಗುಣಿತದ ತಪ್ಪು ಒಂದೂ ಸಿಗಲಿಲ್ಲ. ಇನ್ನು ಜಗಳಕ್ಕೆ ಬರ್ತೀನಿ.

ಮೊದಲ ಸಾಲು: ‘ತಂತ್ರಜ್ಞಾನ ವರವೋ ಶಾಪವೋ ಎಂಬ ಪ್ರಶ್ನೆ ಇಂದು ನಮ್ಮೆಲ್ಲರನ್ನೂ ಕಾಡುತ್ತಿದೆ.’ ನಿಮ್ಮನ್ನಂತೂ ಕಾಡಿಲ್ಲ ಬಿಡಿ, ಶಾಪ ಅಂತ ತೀರ್ಮಾನ ಮಾಡಿಕೊಂಡೇ ಕೂತಿದ್ದೀರಿ. ಎರಡನೇ ಸಾಲು: ‘ಟಿವಿಯ ಕೀಳು ಮನರಂಜನೆಯನ್ನು ಪೋಸ್ಟ್‌ಮನ್ ಕಟುವಾಗಿ ವಿರೋಧಿಸಿದರು.’ ಇಲ್ಲಿ ನನಗೆ ನಿಜಕ್ಕೂ ಸಿಟ್ಟು ಬಂತು. ಅವರು ಹೇಳಿದ್ದು ಇದರ ಉಲ್ಟಾ ಅಲ್ವಾ! ಟಿವಿಯಲ್ಲಿ ಬರುವ ಕಸವೇ ಅದರ ಒಳ್ಳೆಯ ಭಾಗ, ಅದರಿಂದ ದೊಡ್ಡ ಅಪಾಯವೇನೂ ಇಲ್ಲ ಅಂತ 1985ರ ಪುಸ್ತಕದಲ್ಲಿ ಬರೆದರು. ಅವರಿಗೆ ದಿಗಿಲಾಗಿದ್ದು ಟಿವಿ ಗಂಭೀರ ಮುಖ ಹಾಕಿಕೊಂಡು ಸುದ್ದಿಗೆ, ರಾಜಕೀಯಕ್ಕೆ, ಪಾಠಕ್ಕೆ ಕೈ ಹಾಕಿದಾಗ. ಅದಕ್ಕೇ 1969ರಲ್ಲಿ ಅಮೆರಿಕದಲ್ಲಿ ಶುರುವಾದ ‘ಸೆಸಮಿ ಸ್ಟ್ರೀಟ್’ ಮೇಲೆ, ಅಕ್ಷರ, ಅಂಕಿ ಕಲಿಸುತ್ತೆ ಅಂತ ಎಷ್ಟೋ ಅಪ್ಪ ಅಮ್ಮಂದಿರು ಮೆಚ್ಚಿ ಮಕ್ಕಳನ್ನು ಕೂರಿಸುತ್ತಿದ್ದ ಟಿವಿ ಕಾರ್ಯಕ್ರಮದ ಮೇಲೆ, ಅವರ ಕಣ್ಣು ಬಿತ್ತು. ಕ್ಲಾಸಿನಲ್ಲಾದರೆ ಮಗು ಎದ್ದು ಮೇಷ್ಟ್ರನ್ನು ಪ್ರಶ್ನೆ ಕೇಳಬಹುದು. ಪರದೆಯನ್ನು ಏನು ಕೇಳುತ್ತೆ? ಅಲ್ಲಿ ಮಗು ಇಷ್ಟಪಡೋಕೆ ಕಲಿಯೋದು ಟಿವಿಯನ್ನೇ ಹೊರತು ಶಾಲೆಯನ್ನಲ್ಲ ಅನ್ನೋದು ಅವರ ವಾದ. ಇಷ್ಟು ಚುರುಕಾದ ಮಾತನ್ನು ನೀವು ‘ಮಕ್ಕಳು ಹಾಳಾಗುತ್ತಾರೆ ಎಂದರೆ ತಪ್ಪಾಗಲಾರದು’ ಅಂತ ಮುಗಿಸಿಬಿಟ್ಟಿದ್ದೀರಿ. ಈ ‘ತಪ್ಪಾಗಲಾರದು’ ಕಂಡರೆ ನನಗೆ ಆಗೋದಿಲ್ಲ. ನೋಡದೆ ಬರೆದವರೇ ಅದನ್ನು ಜಾಸ್ತಿ ಬಳಸ್ತಾರೆ.

ನಾನೂ ಬಳಸಿದವನೇ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಟಿವಿಯನ್ನು ಬೈದು ನಾಲ್ಕು ಪುಟ ಬರೆದು ಸಂಪಾದಕರ ಮೇಜಿನ ಮೇಲಿಟ್ಟೆ. ಓದಿ, ಕನ್ನಡಕ ತೆಗೆದು, ‘ಯಾವ ಕಾರ್ಯಕ್ರಮ ನೋಡಿದ್ರಿ?’ ಅಂದರು. ನಮ್ಮನೇಲಿ ಟಿವಿನೇ ಇರಲಿಲ್ಲ! ಒಂದು ವಾರ ಸ್ನೇಹಿತನ ಮನೆಯಲ್ಲಿ ನೋಟ್‌ಬುಕ್ ಹಿಡಿದು ಕೂತೆ. ಮಕ್ಕಳ ಕಾರ್ಯಕ್ರಮದಲ್ಲಿ ಒಂದು ಚಿತ್ರ ಎಷ್ಟು ಹೊತ್ತು ನಿಲ್ಲುತ್ತೆ ಅಂತ ಬೆರಳು ಮಡಚಿ ಎಣಿಸಿದೆ, ನಾಲ್ಕನೇ ಬೆರಳು ಮಡಚುವಷ್ಟರಲ್ಲಿ ಇನ್ನೊಂದು ಚಿತ್ರ ಬಂದಿರುತ್ತಿತ್ತು. ಕೊನೆಗೆ ಅಚ್ಚಾಗಿದ್ದು ಆ ಎಣಿಕೆ ಇದ್ದ ಒಂದೇ ಪ್ಯಾರಾ.

ನಿಮ್ಮ ಲೇಖನದಲ್ಲೂ ಅಂಥದ್ದೊಂದಿದೆ, ಆರನೇ ಪುಟದಲ್ಲಿ, ಬ್ರಾಕೆಟ್ಟಿನೊಳಗೆ. ನಿಮ್ಮ ತರಗತಿಗೆ ಕ್ವಿಜ್ ಆ್ಯಪ್ ತಂದ ಮೇಲೆ, ಸರಿ ಉತ್ತರಕ್ಕೆ ಬರುವ ಚಪ್ಪಾಳೆ ಸದ್ದು ಕೇಳೋಕೆ ಮಕ್ಕಳು ಪ್ರಶ್ನೆ ಓದದೇ ಸುಮ್ನೆ ಒಂದೊಂದೇ ಬಟನ್ ಒತ್ತುತ್ತಾ ಹೋದರು ಅಂತ. ಇದನ್ನು ಯಾಕೆ ಬಚ್ಚಿಟ್ಟಿರಿ? ಮೊದಲ ಐದು ಪುಟ ತೆಗೆದುಹಾಕಿ, ಇಲ್ಲಿಂದ ಶುರು ಮಾಡಿ ಮತ್ತೆ ಕಳಿಸಿ. ಅಂದ ಹಾಗೆ, ತಪ್ಪು ಉತ್ತರಕ್ಕೆ ಯಾವ ಸದ್ದು ಬರ್ತಿತ್ತು? ಅದನ್ನು ನೀವು ಬರೆದೇ ಇಲ್ಲ.