ಎನ್‌ಎಫ್‌ಟಿ ಇದ್ದರೆ ವಸ್ತು ನಮ್ಮದೇ ಅಲ್ವಾ ಅನ್ನೋ ಪ್ರಶ್ನೆಗೆ

"ಎನ್‌ಎಫ್‌ಟಿ ಬಂದರೆ ಆಟದೊಳಗಿನ ವಸ್ತು ನಮ್ಮ ಸ್ವಂತದ್ದಾಗುತ್ತೆ, ಅಭಿಮಾನಿಗಳಿಗೆ ಅದರಲ್ಲಿ ನಷ್ಟ ಏನು? ಕೂಗಾಡಿದರೆ ಕಂಪನಿಗಳು ಕೇಳ್ತಾವಾ?" ಅಂತ ಕೇಳಿದ್ದೀರಿ.

ಎನ್‌ಎಫ್‌ಟಿ ಅಂದರೆ ಒಂದು ಡಿಜಿಟಲ್ ವಸ್ತು ಯಾರದ್ದು ಅಂತ ಹೇಳೋ ದಾಖಲೆ. ಅದು ಇರೋದು ಬ್ಲಾಕ್‌ಚೈನ್‌ನಲ್ಲಿ, ಅಂದರೆ ಹಲವು ಕಂಪ್ಯೂಟರ್‌ಗಳಲ್ಲಿ ಹಂಚಿಟ್ಟ ಲೆಕ್ಕದ ಪುಸ್ತಕದಲ್ಲಿ. ಸ್ವಂತ ಆಗೋದು ಆ ದಾಖಲೆ ಅಷ್ಟೇ. ವಸ್ತು ಪರದೆ ಮೇಲೆ ಕಾಣಬೇಕಾದರೆ ಕಂಪನಿಯ ಸರ್ವರ್ ಮನಸ್ಸು ಮಾಡಬೇಕು. ವಿಡಿಯೋ ಆಟಗಳ ಕಂಪನಿ ಯೂಬಿಸಾಫ್ಟ್ 2021ರ ಡಿಸೆಂಬರ್‌ನಲ್ಲಿ ಕ್ವಾರ್ಟ್ಜ್ ಅನ್ನೋ ಎನ್‌ಎಫ್‌ಟಿ ವೇದಿಕೆ ಶುರುಮಾಡಿ, ಘೋಸ್ಟ್ ರೀಕಾನ್ ಬ್ರೇಕ್‌ಪಾಯಿಂಟ್ ಆಟದ ಗನ್, ಹೆಲ್ಮೆಟ್, ಪ್ಯಾಂಟಿಗೆಲ್ಲ ಸೀರಿಯಲ್ ನಂಬರ್ ಹಾಕಿ ಕೊಟ್ಟಿತು. ಯೂಟ್ಯೂಬ್‌ನಲ್ಲಿ ಡಿಸ್‌ಲೈಕ್‌ಗಳ ಮಳೆ. ನಾಲ್ಕು ತಿಂಗಳಾಗಿತ್ತೋ ಇಲ್ಲವೋ, ಆ ಆಟಕ್ಕೆ ಇನ್ನು ಹೊಸ ಕಂಟೆಂಟ್ ಬರಲ್ಲ ಅಂದುಬಿಟ್ಟರು. ನಂಬರ್ ಭದ್ರವಾಗಿದೆ, ಆದರೆ ಆ ಪ್ಯಾಂಟ್ ಹಾಕ್ಕೊಂಡು ಇನ್ನೊಂದು ಆಟಕ್ಕೆ ಹೋಗೋ ಹಾಗಿಲ್ಲ!

ಕೂಗಾಟಕ್ಕೆ ಬೆಲೆ ಇದೆ. ಸ್ಟಾಕರ್ 2 ಆಟದಲ್ಲಿ ನಿಮ್ಮ ಮುಖವನ್ನೇ ಪಾತ್ರವಾಗಿಸೋ ಹಕ್ಕನ್ನ ಎನ್‌ಎಫ್‌ಟಿ ಮಾಡಿ ಮಾರ್ತೀವಿ ಅಂತ ಅದೇ ಡಿಸೆಂಬರ್ 15ಕ್ಕೆ ಆ ಆಟ ಮಾಡೋ ಕಂಪನಿ ಜಿಎಸ್‌ಸಿ ಹೇಳಿತು. ಮೊದಲು ಒಂದು ಸಮಜಾಯಿಷಿ ಹಾಕಿ ಅಳಿಸಿದರು, 16ಕ್ಕೆ ಯೋಜನೆಯನ್ನೇ ಕೈಬಿಟ್ಟರು. ಟೀಮ್17 ಕಂಪನಿ ಕೂಡ ತನ್ನ ವರ್ಮ್ಸ್ ಆಟದ ಹೆಸರಲ್ಲಿ ಎನ್‌ಎಫ್‌ಟಿ ತರ್ತೀವಿ ಅಂತ 2022ರ ಜನವರಿ 31ಕ್ಕೆ ಘೋಷಿಸಿ ಮರುದಿನವೇ ಹಿಂದೆ ಸರಿಯಿತು. ಅಲ್ಲಿ ಆಟಗಾರರಷ್ಟೇ ಅಲ್ಲ, ಟೀಮ್17 ಜೊತೆ ಕೆಲಸ ಮಾಡಿದ್ದ ಆಟದ ಸ್ಟುಡಿಯೋದವರೂ ತಿರುಗಿಬಿದ್ದಿದ್ದರು. ನನ್ನ ಪ್ರಕಾರ ಪೆಟ್ಟು ಬಿದ್ದದ್ದು ಅದರಿಂದಲೇ.