ಬೆಳಗಾವಿ ಪಾಲಿಕೆ ಚುನಾವಣೆ ಮತ್ತು ಬುಡಾ (ಬೆಳಗಾವಿ ನಗರಾಭಿವೃದ್ಧಿ ಪ್ರಾಧಿಕಾರ) ಮೇಲಿನ ನಿಗಾದಲ್ಲಿ ಮೊದಲು ಏನು ಬದಲಾಗಬೇಕು?

ಮೊದಲು ಚುನಾವಣೆ ವೇಳೆಗೆ ಸರಿಯಾಗಿ ನಡೆಯಬೇಕು. ಅವಧಿ ಮುಗಿಯುವ ಮೊದಲೇ ಚುನಾವಣೆ ಆಗಬೇಕೆಂದು ಸಂವಿಧಾನದ 243ಯು ವಿಧಿ ಸ್ಪಷ್ಟವಾಗಿ ಹೇಳುತ್ತದೆ. ನಮ್ಮಲ್ಲಿ ಹಿಂದಿನ ಪಾಲಿಕೆಯ ಅವಧಿ 2019ರಲ್ಲೇ ಮುಗಿದಿತ್ತು, 58 ವಾರ್ಡುಗಳಿಗೆ ಮತದಾನ ನಡೆದದ್ದು 2021ರ ಸೆಪ್ಟೆಂಬರ್‌ನಲ್ಲಿ. ಗೆದ್ದವರಿಗೆ ಮೇಯರ್ ಸಿಕ್ಕಿದ್ದು 2023ರ ಫೆಬ್ರುವರಿಗೆ! ಅಲ್ಲಿಯತನಕ ಊರು ನಡೆಸಿದ್ದು ಅಧಿಕಾರಿಗಳು. ಇಂಥ ವಿಳಂಬ ತಪ್ಪಿಸಲು ವಾರ್ಡ್ ವಿಂಗಡಣೆ, ಮೀಸಲಾತಿ ಪಟ್ಟಿ ಎರಡನ್ನೂ ಸರ್ಕಾರದ ಕೈಯಿಂದ ತೆಗೆದು ರಾಜ್ಯ ಚುನಾವಣಾ ಆಯೋಗಕ್ಕೆ ಕೊಡಬೇಕು. ಮೇಯರ್‌ಗೆ ಒಂದೇ ವರ್ಷದ ಅವಧಿ ಸಾಲದು, ಕಡತ ಅರ್ಥವಾಗುವಷ್ಟರಲ್ಲಿ ಮುಗಿದಿರುತ್ತದೆ.

ಬುಡಾದ ಕಥೆ ಬೇರೆ. ಅದು 1987ರ ನಗರಾಭಿವೃದ್ಧಿ ಪ್ರಾಧಿಕಾರಗಳ ಕಾಯ್ದೆಯಡಿ ಬರುತ್ತದೆ, ಅಧ್ಯಕ್ಷರನ್ನು ನೇಮಿಸುವುದು ಸರ್ಕಾರ. ಬಡಾವಣೆ ಪಾಲಿಕೆಗೆ ಹಸ್ತಾಂತರ ಆಗದಿದ್ದರೆ ಗಟಾರ ತುಂಬಿ ಹರಿದರೂ ನಿಮ್ಮ ನಗರಸೇವಕ (ಪಾಲಿಕೆ ಸದಸ್ಯ) "ಅದು ಬುಡಾದ್ದು" ಅಂತಾರೆ, ಬುಡಾದವರು ಪಾಲಿಕೆ ಕಡೆ ಕೈ ತೋರಿಸ್ತಾರೆ. ಸ್ಮಾರ್ಟ್ ಸಿಟಿ ಕೆಲಸಗಳಿಗೆ ಇರುವುದಂತೂ ಕಂಪನಿ ಕಾಯ್ದೆಯಡಿಯ ಪ್ರತ್ಯೇಕ ಸಂಸ್ಥೆ. ಪಾಲಿಕೆಗೆ ಅದರಲ್ಲಿ ಪಾಲಿದ್ದರೂ ಯೋಜನೆ ತೀರ್ಮಾನಿಸುವುದು ಆ ಕಂಪನಿಯ ಆಡಳಿತ ಮಂಡಳಿ, ಪಾಲಿಕೆ ಸಭೆಯಲ್ಲ. ಈ ಎರಡೂ ಸಂಸ್ಥೆಗಳ ಬಜೆಟ್ ಮತ್ತು ಲೆಕ್ಕಪರಿಶೋಧನಾ ವರದಿ, ಜೊತೆಗೆ ಬುಡಾದ ನಿವೇಶನ ಹಂಚಿಕೆ ಪ್ರತಿವರ್ಷ ಪಾಲಿಕೆ ಸಾಮಾನ್ಯ ಸಭೆಯ ಮುಂದೆ ಬರಬೇಕು, ಅವುಗಳ ಮುಖ್ಯ ಅಧಿಕಾರಿಗಳು ಅಲ್ಲೇ ನಿಂತು ಉತ್ತರ ಕೊಡಬೇಕು.